ಸಂಜೆ ಆದ್ರೆ ನಿಧಾನ ಆಗೋ ಗಡಿಯಾರ

“ಟೈಮ್ ಆಯ್ತು! ಪೆನ್ಸಿಲ್ ಕೆಳಗಿಡು!”

ಬುಗುರಿ ಎಷ್ಟು ಜೋರಾಗಿ ಕೂಗಿದ್ಳು ಅಂದ್ರೆ, ಗೋಡೆ ಮೇಲಿದ್ದ ಹಲ್ಲಿ ಬಾಯಲ್ಲಿದ್ದ ಹುಳ ಬಿಟ್ಟು ಕೈ ಮೇಲೆತ್ತಿ ನಿಂತುಬಿಡ್ತು.

ಅಕ್ಕ ಮಾತ್ರ ಪೆನ್ಸಿಲ್ ಬಿಡಲಿಲ್ಲ. “ಒಂದೇ ಒಂದು ಕಣೇ. ಇದೊಂದು ಮುಗಿಸ್ತೀನಿ.”

“ಇಲ್ಲ ಅಂದ್ರೆ ಇಲ್ಲ. ಕೆಳಗಿಡದಿದ್ರೆ ಪೇಪರ್ ಕ್ಯಾನ್ಸಲ್!”

ಅಕ್ಕ ಪೆನ್ಸಿಲ್ ಬಿಸಾಕಿದ್ಳು. ಅದು ಉರುಳ್ಕೊಂಡು ಅಲಮಾರಿ ಕೆಳಗೆ ಹೋಗಿ ಬಚ್ಚಿಟ್ಕೊಳ್ತು. ಬುಗುರಿ ಪೇಪರ್ ಎಳ್ಕೊಂಡು, ಖಾಲಿ ಬಿಟ್ಟಿರೋ ಪ್ರಶ್ನೆಗಳನ್ನ ಬೆರಳಿಟ್ಟು ಎಣಿಸಿದ್ಳು.

“ಎಷ್ಟು?” ಅಂದ್ಳು ಅಕ್ಕ, ಕಣ್ಣು ಮುಚ್ಕೊಂಡು.

“ಎಂಟು.”

“ನಿನ್ನೆ?”

“ನಿನ್ನೇನೂ ಎಂಟೇ.”

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಕೊಂಡ್ಳು. “ಸಾಕು ಬಿಡು. ನಾಳೆನೂ ಎಂಟು ಬಂದ್ರೆ ನಾನು ಪರೀಕ್ಷೆಗೆ ಹೋಗೋದೇ ಇಲ್ಲ. ಹೋಗಿ ಮತ್ತೆ ಅದೇ ಅವಮಾನ ಯಾರಿಗೆ ಬೇಕು?”

ಬುಗುರಿ ತಲೆ ಎತ್ತಿ ಗೋಡೆ ಮೇಲಿನ ಗಡಿಯಾರ ನೋಡಿದ್ಳು.

ಬುಗುರಿ ಅನ್ನೋದು ಅವಳ ಹೆಸರಲ್ಲ. ನಿಜವಾದ ಹೆಸರು ಸ್ಕೂಲಿನ ರಿಜಿಸ್ಟರಲ್ಲಿ ಹಾಯಾಗಿ ಮಲಗಿತ್ತು, ಯಾರೂ ಎಬ್ಬಿಸ್ತಿರಲಿಲ್ಲ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಊಟಕ್ಕೆ ಕೂರೋಕೂ ಮುಂಚೆ ತಟ್ಟೆ ಸುತ್ತ ಎರಡು ರೌಂಡ್ ಹೊಡೀಬೇಕು. ಐದನೇ ಕ್ಲಾಸಿಗೆ ಬರೋಷ್ಟರಲ್ಲಿ ಅವಳನ್ನ ಹೊತ್ತು ಹೊತ್ತು ಮೂರು ಕುರ್ಚಿ ಕಾಲು ಮುರ್ಕೊಂಡು ರಿಟೈರ್ ಆಗಿದ್ವು. ಅಂಥವಳು ದಿನಾ ಸಂಜೆ ನಾಲ್ಕರಿಂದ ಏಳರವರೆಗೆ ಒಂದೇ ಸ್ಟೂಲ್ ಮೇಲೆ ಕೂತಿರ್ತಿದ್ಳು. ಯಾಕಂದ್ರೆ ಅಕ್ಕ ದಿನಾ ಬರೆಯೋ ಪ್ರಾಕ್ಟೀಸ್ ಪರೀಕ್ಷೆಗೆ ಅವಳೇ ಇನ್ವಿಜಿಲೇಟರ್.

ಅಕ್ಕನ ವಿಷಯ ಇಷ್ಟು. ಕಿವಿ ಕೇಳಿಸದವರು ಕಿವಿಯೊಳಗೆ ಇಟ್ಕೊಳ್ತಾರಲ್ಲ ಪುಟ್ಟ ಮೆಷಿನ್ನು, ಅದನ್ನ ಮಾಡೋದು ಕಲೀಬೇಕು ಅಂತ ಅವಳಿಗೆ ಆಸೆ. ಅದನ್ನ ಚೆನ್ನಾಗಿ ಕಲಿಸೋ ಕಾಲೇಜು ಬೇರೆ ದೇಶದಲ್ಲಿತ್ತು. ಪ್ರವೇಶ ಪರೀಕ್ಷೆ ಬರೆದ್ಳು, ಸೀಟೂ ಸಿಕ್ತು. ಆದ್ರೆ ಹೊರದೇಶದಿಂದ ಬರೋ ಮಕ್ಕಳಿಗೆ ಅಂತ ಅಲ್ಲೊಂದು ಮೆರಿಟ್ ಸ್ಕಾಲರ್‌ಶಿಪ್ ಇತ್ತು. ಅದಕ್ಕೆ ಐನೂರಕ್ಕೆ ನಾನೂರ ಇಪ್ಪತ್ತು ಬರಬೇಕು. ಅಕ್ಕನಿಗೆ ಬಂದಿದ್ದು ನಾನೂರ ಎರಡು. ಸ್ಕಾಲರ್‌ಶಿಪ್ ಇಲ್ಲ ಅಂದ್ರೆ ಆ ಕಾಲೇಜಿನ ಗೇಟನ್ನ ಫೋಟೋದಲ್ಲಿ ನೋಡಿ ಸುಮ್ಮನಾಗಬೇಕು, ಅಷ್ಟೇ.

ಕಾಲೇಜಿನವರು ಒಳ್ಳೆಯವರು. ‘ಇನ್ನೊಂದು ಸಲ ಪರೀಕ್ಷೆ ಬರೆದು, ಕೊನೇ ತಾರೀಕಿನೊಳಗೆ ಹೊಸ ಮಾರ್ಕ್ಸ್ ಕಳಿಸಿ, ನೋಡ್ತೀವಿ’ ಅಂತ ಬರೆದಿದ್ರು. ಆ ತಾರೀಕಿನೊಳಗೆ ಇರೋದು ಒಂದೇ ಪರೀಕ್ಷೆ. ಅದಕ್ಕೆ ಇನ್ನು ಹತ್ತು ದಿನ.

ಅಕ್ಕನಿಗೆ ಉತ್ತರ ಗೊತ್ತಿಲ್ಲ ಅಂತಲ್ಲ. ಟೈಮ್ ಸಾಲ್ತಿರಲಿಲ್ಲ. ಹೋದ ಸಲ ಕೊನೇ ಒಂಬತ್ತು ಪ್ರಶ್ನೆ ಮುಟ್ಟೋಕೂ ಮುಂಚೆ ಗಂಟೆ ಹೊಡೆದಿತ್ತು.

ಟೈಮ್ ಸಾಲಲ್ಲ ಅಂತ ಆ ಮನೇಲಿ ಹೇಳೋದು ಮೀನು ನೀರಿಲ್ಲ ಅಂದಂಗೆ. ಅಪ್ಪ ಗಡಿಯಾರ ರಿಪೇರಿ ಮಾಡೋನು. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಅಂಗಡಿ ತುಂಬ ಎಷ್ಟು ಗಡಿಯಾರ ಅಂದ್ರೆ, ಒಳಗೆ ಬಂದ ಸೊಳ್ಳೆ ಹೊರಗೆ ಹೋಗುವಾಗ ಗುಂಯ್ ಅನ್ನದೆ ಟಿಕ್ ಟಿಕ್ ಅಂತ ಹಾರ್ತಿತ್ತು. ಅಕ್ಕನ ಓದಿಗೆ ತೊಂದರೆ ಆಗ್ಬಾರದು ಅಂತ ಅಪ್ಪ ಬಡಿಯೋ ಗಡಿಯಾರಕ್ಕೆಲ್ಲ ಒಳಗೆ ಬಟ್ಟೆ ತುರುಕಿ ಬಾಯಿ ಮುಚ್ಚಿಸಿದ್ದ. ಸಾಲದು ಅಂತ ಅಕ್ಕ ಕಿವಿಗೆ ಹತ್ತಿ ಇಟ್ಕೊಳ್ತಿದ್ಳು. ಫೋನನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟಿದ್ಳು.

ಹಿಂದಿನ ರೂಮಿನಲ್ಲಿ ಇದ್ದಿದ್ದು ಒಂದೇ ಗಡಿಯಾರ. ಹಲ್ಲು ಡಾಕ್ಟ್ರದ್ದು. ಉದ್ದ ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಪೆಂಡುಲಮ್. ಅಪ್ಪ ಅದನ್ನ ರಿಪೇರಿ ಮಾಡಿ ಅಲ್ಲಿ ನೇತುಹಾಕಿದ್ದ. ಅಪ್ಪನದ್ದೊಂದು ಪದ್ಧತಿ ಇತ್ತು: ರಿಪೇರಿ ಆದ ಗಡಿಯಾರ ಏಳು ದಿನ ಒಂದು ನಿಮಿಷನೂ ಹೆಚ್ಚುಕಮ್ಮಿ ಇಲ್ದೆ ಓಡಬೇಕು. ಆರನೇ ದಿನ ತಪ್ಪಿದ್ರೂ ಮತ್ತೆ ಒಂದರಿಂದ ಎಣಿಕೆ. ಅಲ್ಲಿವರೆಗೆ ಯಜಮಾನ ಬಂದು ಅಂಗಡಿ ಬಾಗಿಲಲ್ಲಿ ಮಲಗಿದ್ರೂ ಕೊಡ್ತಿರಲಿಲ್ಲ.

ಮಾರನೇ ದಿನ ಶುಕ್ರವಾರ. ಬುಗುರಿ ಸ್ಕೂಲಿಂದ ಬಂದವಳೇ ಬ್ಯಾಗ್ ಬಿಸಾಕಿ ಹಿಂದಿನ ರೂಮಿಗೆ ಓಡಿದ್ಳು. ಅಕ್ಕ ಇನ್ನೂ ಕೈಕಾಲು ತೊಳೀತಿದ್ಳು. ಬುಗುರಿ ಸ್ಟೂಲ್ ಹತ್ತಿ ಗಾಜಿನ ಬಾಗಿಲು ತೆಗೆದ್ಳು. ಅದು ಕಿರ್ರ್ ಅಂತು. ಪೆಂಡುಲಮ್ ಗುಂಡಿನ ಕೆಳಗೆ ಒಂದು ಪುಟ್ಟ ನಟ್ ಇತ್ತು. ಅದನ್ನ ತಿರುಗಿಸಿ ಗುಂಡು ಕೆಳಗಿಳಿಸಿದ್ರೆ ಗಡಿಯಾರ ಸೋಮಾರಿ ಆಗುತ್ತೆ, ಮೇಲೇರಿಸಿದ್ರೆ ಅವಸರ ಬೀಳುತ್ತೆ. ಅಪ್ಪನೇ ಹೇಳ್ಕೊಟ್ಟಿದ್ದು.

ಬುಗುರಿ ನಟ್ ತಿರುಗಿಸಿದ್ಳು. ಒಂದು, ಎರಡು, ಮೂರು... ಹದಿನೈದು ಸುತ್ತು.

ಆ ಸಂಜೆ ಅಕ್ಕ ಕೊನೇ ಪ್ರಶ್ನೆಗೆ ಗುರುತು ಹಾಕಿ ತಲೆ ಎತ್ತಿದಾಗ ಗೋಡೆ ಗಡಿಯಾರದಲ್ಲಿ ಇನ್ನೂ ಏಳಾಗಿರಲಿಲ್ಲ.

“ಮುಗೀತು,” ಅಂದ್ಳು. ನಂಬಿಕೆ ಬರದೆ ಪೇಪರ್ ತಿರುಗಿಸಿ ಮುರುಗಿಸಿ ನೋಡಿದ್ಳು. “ಏ ಬುಗುರಿ! ಎಲ್ಲಾ ಮುಗೀತು ಕಣೇ!”

ಬುಗುರಿಯನ್ನ ಎತ್ಕೊಂಡು ಗಿರಗಿರ ತಿರುಗಿಸಿದ್ಳು. ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದ್ಳು. ಅಂಗಡಿಗೆ ಓಡಿ ಅಪ್ಪನಿಗೆ ಹೇಳಿದ್ಳು. ಆ ಗದ್ದಲದಲ್ಲಿ ಬುಗುರಿ ಮತ್ತೆ ಸ್ಟೂಲ್ ಹತ್ತಿ ಹದಿನೈದು ಸುತ್ತು ವಾಪಸ್ ತಿರುಗಿಸಿ ಗುಂಡನ್ನ ಮೊದಲಿದ್ದ ಜಾಗಕ್ಕೆ ತಂದಳು. ಕಳ್ಳತನ ಮಾಡಿದಂಗೆ ಅನ್ನಿಸಲೇ ಇಲ್ಲ. ಯಾರದ್ದೂ ಏನೂ ಕಳೆದಿರಲಿಲ್ಲವಲ್ಲ!

ಶನಿವಾರನೂ ಅದೇ. ಭಾನುವಾರನೂ ಅದೇ. ಅಕ್ಕ ಜಡೆ ಹಾಕ್ಕೊಳ್ಳುವಾಗ ಹಾಡು ಗುನುಗೋಕೆ ಶುರು ಮಾಡಿದ್ಳು.

ಸೋಮವಾರ ಬೆಳಗ್ಗೆ ಅಪ್ಪ ಹಿಂದಿನ ರೂಮಿನಿಂದ ಬಂದವನು ಸೀದಾ ಗೋಡೆಗೆ ಒರಗಿ ನಿಂತ.

“ಏನ್ರೀ, ಯಾಕೆ ಹಂಗೆ ನಿಂತ್ರಿ?” ಅಂದ್ಳು ಅಮ್ಮ. ಅಮ್ಮ ಸ್ಕೂಲ್ ವ್ಯಾನ್ ಓಡಿಸ್ತಿದ್ಳು. ಒಂದು ಕೈಯಲ್ಲಿ ಕೀ, ಇನ್ನೊಂದು ಕೈಯಲ್ಲಿ ತಿಂಡಿ, ಬಾಗಿಲಲ್ಲಿ ಅರ್ಧ ಕಾಲು.

“ಡಾಕ್ಟ್ರ ಗಡಿಯಾರ ಕಣೇ. ಬೆಳಗ್ಗೆ ನೋಡಿದ್ರೆ ಏಳು ನಿಮಿಷ ಹಿಂದೆ. ಸರಿ ಮಾಡ್ತೀನಿ. ಮಧ್ಯಾಹ್ನ ಮೂರಕ್ಕೆ ನೋಡ್ತೀನಿ, ಕೂದಲೆಳೆಯಷ್ಟೂ ಫರಕಿಲ್ಲ. ಮತ್ತೆ ಬೆಳಗ್ಗೆ ಏಳು ನಿಮಿಷ ಹಿಂದೆ! ಮೂರು ದಿನದಿಂದ ಇದೇ ಕತೆ. ಸಂಜೆ ಆದ್ರೆ ಅದಕ್ಕೆ ಏನಾಗುತ್ತೋ!”

“ತೂಕಡಿಸುತ್ತೇನೋ, ನಿಮ್ಮ ಥರ,” ಅಂತ ಅಮ್ಮ ನಕ್ಕು ವ್ಯಾನ್ ಹತ್ತಿದ್ಳು.

ಅಪ್ಪ ನಗಲಿಲ್ಲ. ಬುಗುರಿ ಅರ್ಧ ತಿಂಡಿ ತಟ್ಟೆಯಲ್ಲೇ ಬಿಟ್ಟು ಸ್ಕೂಲ್ ಬ್ಯಾಗ್ ಎತ್ಕೊಂಡ್ಳು.

ಅವತ್ತು ಬುಗುರಿ ಸ್ಕೂಲಿಂದ ಬರೋ ಹೊತ್ತಿಗೆ ಹಲ್ಲು ಡಾಕ್ಟ್ರು ಅಂಗಡಿಯಲ್ಲಿದ್ರು. ದಪ್ಪ ಮೀಸೆ, ಸಣ್ಣ ದನಿ.

“ಯಜಮಾನ್ರೇ, ನನ್ನ ಗಡಿಯಾರ ಕೊಡ್ತೀರೋ, ಇಲ್ಲ ಸಾಕ್ಕೊಳ್ತೀರೋ?”

“ಇನ್ನೂ ಸರಿ ಹೋಗಿಲ್ಲ ಡಾಕ್ಟ್ರೇ. ಮತ್ತೆ ಒಂದರಿಂದ ಎಣಿಸ್ತಿದ್ದೀನಿ.”

“ಅಯ್ಯೋ, ನನ್ನ ಕ್ಲಿನಿಕ್ಕಲ್ಲಿ ಕಾಯೋರಿಗೆ ನಿಧಾನ ಓಡೋ ಗಡಿಯಾರನೇ ಇಷ್ಟ ರೀ! ಯಾರಿಗೂ ನನ್ನ ಹತ್ರ ಬೇಗ ಬರೋ ಆಸೆ ಇಲ್ಲ.” ಡಾಕ್ಟ್ರು ಒಳಗೆ ಬಗ್ಗಿ ನೋಡಿದ್ರು. “ದೊಡ್ಡ ಮಗಳು ಮತ್ತೆ ಅದೇ ಪರೀಕ್ಷೆ ಬರೀತಾಳಂತೆ? ಸೀಟು ಸಿಕ್ಕಿದೆ ಅಂದ್ರಲ್ಲ! ನಾನು ಕಿತ್ತ ಹಲ್ಲನ್ನ ಮತ್ತೆ ಕೀಳ್ತೀನಾ?”

ಕೈ ಒರೆಸ್ಕೊಳ್ತಾ ಬಂದ ಅಕ್ಕ, “ಬೇರಿನ ಚೂರು ಒಳಗೇ ಉಳಿದಿದ್ರೆ ಕೀಳ್ತೀರ ಅಲ್ವಾ ಡಾಕ್ಟ್ರೇ?” ಅಂದ್ಳು.

ಡಾಕ್ಟ್ರು ಮೀಸೆ ಅಲ್ಲಾಡೋ ಹಂಗೆ ನಕ್ಕುಬಿಟ್ರು. ಹೋಗುವಾಗ ಮಾತ್ರ, “ಬೇಗ ಮಾಡ್ರೀ, ಇಲ್ಲಾಂದ್ರೆ ಒಂದು ಬ್ಯಾಟರಿ ಗಡಿಯಾರ ತಗೊಂಡುಬಿಡ್ತೀನಿ,” ಅಂದ್ರು.

ಡಾಕ್ಟ್ರು ಹೋದ ಮೇಲೆ ಅಪ್ಪ ಎರಡೂ ಕೈ ಮುಂದೆ ಚಾಚಿ ನೋಡ್ಕೊಂಡ. ಬೆರಳು ನಡುಗ್ತಿದ್ಯಾ ಅಂತ. ಆ ಕೈಯಲ್ಲಿ ಅಪ್ಪ ಇರುವೆಗೂ ವಾಚ್ ಕಟ್ಟಬಲ್ಲ ಅಂತ ಬುಗುರಿ ಸ್ಕೂಲಲ್ಲೆಲ್ಲ ಜಂಬ ಕೊಚ್ಚಿದ್ಳು.

“ಈ ಗಡಿಯಾರ ಕೊಟ್ಟಮೇಲೆ ಇನ್ನು ಪೆಂಡುಲಮ್ ಸಹವಾಸ ಬೇಡ,” ಅಂತ ಅಪ್ಪ ತನ್ನಷ್ಟಕ್ಕೇ ಅಂದ. “ವಾಚುಗಳಿಗೆ ಸೆಲ್ ಬದಲಾಯಿಸ್ಕೊಂಡು, ಬೆಲ್ಟ್ ಹಾಕ್ಕೊಂಡು ಕೂರ್ತೀನಿ. ವಯಸ್ಸಾಯ್ತು.”

ಹೇಳಿಬಿಡಬೇಕು ಅಂತ ಬುಗುರಿ ಬಾಯಿ ತೆಗೆದ್ಳು. ಅಷ್ಟರಲ್ಲಿ ಒಳಗಿಂದ ಅಕ್ಕ, “ಇನ್ವಿಜಿಲೇಟರ್ ಮೇಡಂ! ನಾಲ್ಕಾಗ್ತಾ ಬಂತು!” ಅಂತ ಖುಷಿಯಲ್ಲಿ ಕೂಗಿದ್ಳು. ಬುಗುರಿ ಬಾಯಿ ಮುಚ್ಚಿದ್ಳು. ಓಡಿಹೋಗಿ ನಟ್ ತಿರುಗಿಸಿದ್ಳು.

ಮಂಗಳವಾರ ಇನ್ನೊಂದು ಫಜೀತಿ ಶುರುವಾಯ್ತು. ಅಕ್ಕ ನಿಧಾನ ಆಗಿದ್ಳು! ಮುಂಚೆ ಪೇಪರ್ ಮೇಲೆ ಪೆನ್ಸಿಲ್ ಬೆಂಕಿ ಹತ್ತೋ ಹಂಗೆ ಓಡ್ತಿತ್ತು. ಈಗ ಒಂದೊಂದು ಉತ್ತರ ಬರೆದು, ರಬ್ಬರಲ್ಲಿ ಅಳಿಸಿ, ಮತ್ತೆ ಚೆಂದವಾಗಿ ಬರೆದು, ತಲೆ ವಾಲಿಸಿ ನೋಡೋಳು.

“ಅಕ್ಕ, ಬೇಗ ಬೇಗ ಬರಿ,” ಅಂದ್ಳು ಬುಗುರಿ, ತಡೀಲಾರದೆ.

“ಟೈಮ್ ಇದೆ ಕಣೇ. ಎಲ್ಲಾ ಎರಡೆರಡು ಸಲ ಚೆಕ್ ಮಾಡಿದ್ರೂ ಟೈಮ್ ಮಿಗುತ್ತೆ. ಭಾನುವಾರ ಪರೀಕ್ಷೆಯಲ್ಲೂ ಹಿಂಗೇ ಮಾಡ್ತೀನಿ.”

ಬುಗುರಿ ಸ್ಟೂಲಿಂದ ಎದ್ದು ನಿಂತ್ಳು. ಅಲ್ಲಿ, ಪರೀಕ್ಷೆ ಹಾಲಲ್ಲಿ, ಗಡಿಯಾರದ ಸೋಮಾರಿತನ ಇರಲ್ಲ. ಅವಳಿಗೆ ಇದು ಮೊದಲೇ ಹೊಳೀಬೇಕಿತ್ತು. ಹೊಳೆದೂ ಇತ್ತು. ಹೊಳೆದಿದ್ದನ್ನ ಬೇರೆ ಕಡೆ ತಳ್ಳಿ ತಳ್ಳಿ ಅವಳು ನಾಲ್ಕು ದಿನ ಕಳೆದಿದ್ಳು.

ಅವತ್ತು ಬುಗುರಿ ಬಾಲ ಸುಟ್ಟ ಬೆಕ್ಕಿನ ಥರ ಮನೆಯೆಲ್ಲ ಓಡಾಡಿದ್ಳು. ಅಂಗಡಿ ಬಾಗಿಲವರೆಗೆ ಹೋಗೋದು, ಅಪ್ಪನ ಬಗ್ಗಿದ ಬೆನ್ನು ನೋಡಿ ವಾಪಸ್ ಬರೋದು. ಅಕ್ಕನ ಹತ್ರ ಹೋಗೋದು, ಅವಳ ನಗು ನೋಡಿ ವಾಪಸ್ ಬರೋದು. ಅಪ್ಪನಿಗೆ ಹೇಳಿದ್ರೆ ಅಪ್ಪನ ಮುಖ ಅರಳುತ್ತೆ, ಅಕ್ಕನದ್ದು ಬಾಡುತ್ತೆ. ಹೇಳದಿದ್ರೆ ಅಕ್ಕ ನಗ್ತಾನೇ ಭಾನುವಾರ ಹೋಗಿ ಬಿದ್ದುಬಿಡ್ತಾಳೆ. ಯಾವ ಕಡೆ ತಿರುಗಿದ್ರೂ ಗೋಡೆ.

ಬುಧವಾರ ಬುಗುರಿ ನಟ್ ತಿರುಗಿಸಿ ಗಾಜಿನ ಬಾಗಿಲು ಮುಚ್ಚೋದಕ್ಕೂ, ಅಕ್ಕ ಬಂದು ಕೂರೋದಕ್ಕೂ ಸರಿ ಹೋಯ್ತು. ಅದರ ಹಿಂದೆನೇ ಅಪ್ಪ ಬಂದ. ಕೈಯಲ್ಲಿ ಇನ್ನೊಂದು ಸ್ಟೂಲು.

“ಅಂಗಡಿ ಶಟರ್ ಎಳೆದು ಬಂದಿದ್ದೀನಿ,” ಅಂದ. “ಇವತ್ತು ಈ ಗಡಿಯಾರ ಸಂಜೆ ಹೊತ್ತು ಏನು ಮಾಡುತ್ತೆ ಅಂತ ಕಣ್ಣು ಮಿಟುಕಿಸದೆ ನೋಡ್ತೀನಿ. ನೀನು ಬರೀಮ್ಮ, ನಾನು ಉಸಿರೂ ಎತ್ತಲ್ಲ.”

ಅಕ್ಕ ನಕ್ಕು ಕಿವಿಗೆ ಹತ್ತಿ ಇಟ್ಕೊಂಡ್ಳು. ನಾಲ್ಕು ಗಂಟೆ ಆಯ್ತು. ಬುಗುರಿ “ಶುರು” ಅಂದ್ಳು. ಅಕ್ಕ ಅವಳ ಕೈಸನ್ನೆ ನೋಡಿ ಬರೆಯೋಕೆ ಶುರು ಮಾಡಿದ್ಳು.

ಐದು ನಿಮಿಷ ಆಗಿರಬಹುದು. ಅಪ್ಪ ತಲೆ ಒಂದು ಕಡೆ ವಾಲಿಸಿದ. ಕಣ್ಣು ಮುಚ್ಚಿದ. ಅಪ್ಪನ ಕಿವಿ ಎಂಥದ್ದು ಅಂದ್ರೆ, ಬೀದೀಲಿ ಹೋಗೋರ ಕೈಯಲ್ಲಿರೋ ವಾಚಿಗೆ ನೆಗಡಿ ಆಗಿದೆ ಅಂತ ಒಳಗೆ ಕೂತೇ ಹೇಳೋನು. ಟಿಕ್ಕಿಗೂ ಟಿಕ್ಕಿಗೂ ನಡುವಿನ ಜಾಗ ಅಗಲ ಆಗಿದೆ ಅಂತ ಅವನಿಗೆ ಗೊತ್ತಾಗಿಹೋಯ್ತು.

ಅಪ್ಪ ಮೆಲ್ಲಗೆ ಎದ್ದ. ಗಾಜಿನ ಹತ್ರ ಬಗ್ಗಿ ನೋಡಿದ. ಕೆಳಗಿಳಿದ ಗುಂಡು ನೋಡಿದ. ಆಮೇಲೆ ನಿಧಾನಕ್ಕೆ ಬುಗುರಿ ಕಡೆ ತಿರುಗಿದ.

ಬುಗುರಿ ತನ್ನ ಕಾಲಿನ ಹೆಬ್ಬೆರಳು ನೋಡ್ತಾ ಕೂತ್ಳು.

ಬೈದಿದ್ರೆ ಚೆನ್ನಾಗಿರೋದು. ಅಪ್ಪ ಬೈಯೋ ಹಂಗಿರಲಿಲ್ಲ, ಅಕ್ಕ ಪರೀಕ್ಷೆಯಲ್ಲಿದ್ಳು. ಗಡಿಯಾರದ ಬಾಗಿಲು ತೆಗೆಯೋ ಹಂಗೂ ಇರಲಿಲ್ಲ, ಕಿರ್ರ್ ಅನ್ನುತ್ತೆ. ಅಪ್ಪ ತನ್ನ ಕೈಯಲ್ಲಿದ್ದ ವಾಚ್ ಬಿಚ್ಚಿ ಬುಗುರಿ ತೊಡೆ ಮೇಲಿಟ್ಟ. ಹೋಗಿ ತನ್ನ ಸ್ಟೂಲ್ ಮೇಲೆ ಕೂತ.

ಆವತ್ತಿನ ಮೂರು ಗಂಟೆ ಎಷ್ಟು ಉದ್ದ ಇತ್ತು ಅಂದ್ರೆ, ಅದರಲ್ಲಿ ಬುಗುರಿ ದೊಡ್ಡವಳಾಗಿ, ಮುದುಕಿಯಾಗಿ, ಕೋಲು ಹಿಡ್ಕೊಂಡು ವಾಪಸ್ ಬರಬಹುದಿತ್ತು. ತೊಡೆ ಮೇಲೆ ಅಪ್ಪನ ವಾಚ್ ಚುರುಕಾಗಿ ಓಡ್ತಿತ್ತು. ಗೋಡೆ ಮೇಲೆ ಡಾಕ್ಟ್ರ ಗಡಿಯಾರ ಆಕಳಿಸ್ತಾ ನಡೀತಿತ್ತು. ಎರಡರ ನಡುವೆ ಒಂದು ನಿಮಿಷ ಆಯ್ತು, ಎರಡಾಯ್ತು, ನಾಲ್ಕಾಯ್ತು. ಅಕ್ಕ ಅಳಿಸಿ ಅಳಿಸಿ ಬರೀತಾನೇ ಇದ್ಳು.

ವಾಚಲ್ಲಿ ಏಳಾಯ್ತು. ಗೋಡೆ ಮೇಲೆ ಆರು ಐವತ್ಮೂರು.

ಬುಗುರಿ ಅಪ್ಪನ ಮುಖ ನೋಡಿದ್ಳು. ಅಪ್ಪ ನೀನು ಹೇಳು ಅಂತನೂ ಅನ್ನಲಿಲ್ಲ, ಬೇಡ ಅಂತನೂ ಅನ್ನಲಿಲ್ಲ. 

“ಟೈಮ್ ಆಯ್ತು,” ಅಂದ್ಳು ಬುಗುರಿ.

ಅಕ್ಕನ ಕಿವಿಯಲ್ಲಿ ಹತ್ತಿ. ಕೇಳಿಸಲಿಲ್ಲ. ಎರಡನೇ ಸಲ ಹೇಳಬೇಕಾಯ್ತು, ಮೊದಲಿಗಿಂತ ಜೋರಾಗಿ. “ಅಕ್ಕ! ಟೈಮ್ ಆಯ್ತು!”

ಅಕ್ಕ ತಲೆ ಎತ್ತಿ ಗೋಡೆ ನೋಡಿದ್ಳು. “ಎಲ್ಲಿದೆ ನಿನ್ನ ಕಣ್ಣು? ಇನ್ನೂ ಏಳು ನಿಮಿಷ ಇದೆ.”

“ಇಲ್ಲ ಅಕ್ಕ. ಅದು ನಿಧಾನ ಓಡ್ತಿದೆ. ನಾನೇ ನಟ್ ಇಳಿಸಿದ್ದೀನಿ. ಶುಕ್ರವಾರದಿಂದ ದಿನಾ.” ಬುಗುರಿ ವಾಚ್ ಮುಂದೆ ಹಿಡಿದ್ಳು. “ನಿಜವಾದ ಟೈಮ್ ಇದು.”

ಅಕ್ಕ ವಾಚ್ ನೋಡಿದ್ಳು, ಗೋಡೆ ನೋಡಿದ್ಳು. ಪೇಪರ್ ಎಳ್ಕೊಂಡು ಖಾಲಿ ಬಿಟ್ಟಿದ್ದನ್ನ ತಾನೇ ಎಣಿಸಿದ್ಳು. ಹನ್ನೊಂದು.

ಆ ಕಡೆಯಿಂದ ಅಪ್ಪ ಇದ್ದಕ್ಕಿದ್ದಂಗೆ ನಕ್ಕ. ಎರಡೂ ಕೈ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡ್ಕೊಂಡು, “ಹಂಗಾದ್ರೆ ನನ್ನ ಕೈ ಸರಿ ಇದೆ!” ಅಂತ ನಕ್ಕ. ಅಷ್ಟರಲ್ಲಿ ಅಕ್ಕನ ಮುಖ ಕಾಣಿಸ್ತು. ಅರ್ಧ ನಗು ಬಾಯಲ್ಲೇ ಉಳ್ಕೊಳ್ತು.

“ಕೇಳಿದ್ನಾ ನಾನು ನಿನ್ನ?” ಅಂದ್ಳು ಅಕ್ಕ. ಕೂಗಲಿಲ್ಲ. “ಆರು ದಿನ! ಇಲ್ಲದೇ ಇರೋ ಏಳು ನಿಮಿಷ ಇಟ್ಕೊಂಡು ಆರು ದಿನ ಕುಣಿದೆನಲ್ಲೇ! ಅಲ್ಲಿ ಹಾಲಲ್ಲಿ ಯಾರು ಕೊಡ್ತಾರೆ ನಂಗೆ ಏಳು ನಿಮಿಷ? ನೀನು ಬರ್ತೀಯಾ ನಟ್ ತಿರುಗಿಸೋಕೆ?”

“ನೀನು ಪರೀಕ್ಷೆಗೇ ಹೋಗಲ್ಲ ಅಂದೆಯಲ್ಲ ಅಕ್ಕ. ಅದಕ್ಕೇ...”

“ಹೋಗು ಇಲ್ಲಿಂದ.”

ಬುಗುರಿ ಹೋದ್ಳು.

ಗುರುವಾರ ಅಕ್ಕ ಹಿಂದಿನ ರೂಮಿನ ಬಾಗಿಲು ಹಾಕ್ಕೊಂಡು ಒಬ್ಬಳೇ ಕೂತಿದ್ಳು. ಬುಗುರಿ ಅಂಗಡಿಗೆ ಹೋಗಿ ಅಪ್ಪನ ಮೇಜಿನ ಕಾಲಿಗೆ ಒರಗಿ ಕೂತ್ಳು. ಅಪ್ಪ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಯಾರದ್ದೋ ವಾಚಿನ ಹೊಟ್ಟೆ ಬಿಚ್ಚಿದ್ದ.

“ಅಪ್ಪ, ನಿಂಗೆ ಕೋಪ ಇಲ್ವಾ?”

“ಇದೆ. ನಿನ್ನಿಂದಾಗಿ ಕಣ್ಣು ಡಾಕ್ಟ್ರ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದ್ದೆ.”

“ಕ್ಯಾನ್ಸಲ್ ಮಾಡು ಅಪ್ಪ.”

“ಹೆಂಗೂ ತಗೊಂಡಾಗಿದೆ, ಹೋಗಿ ಬರ್ತೀನಿ. ಆ ಚಿಮಟ ಕೊಡು.”

ಬುಗುರಿ ಚಿಮಟ ಕೊಟ್ಳು. ಅವಳ ಗಮನವೆಲ್ಲ ಮುಚ್ಚಿದ ಬಾಗಿಲ ಕಡೆ. ಒಳಗಿಂದ ಪೇಪರ್ ಸದ್ದೂ ಇಲ್ಲ, ಅಳೋ ಸದ್ದೂ ಇಲ್ಲ. ನಿಜವಾಗಲೂ ಪರೀಕ್ಷೆಗೆ ಹೋಗದೇ ಇದ್ದುಬಿಟ್ರೆ?

ಶುಕ್ರವಾರ ಸ್ಕೂಲಿಂದ ಬಂದಾಗ ಹಿಂದಿನ ರೂಮಿನ ಬಾಗಿಲು ತೆಗೆದಿತ್ತು. ಬುಗುರಿ ಹೊಸ್ತಿಲ ಹತ್ರ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಂತ್ಳು.

“ಅಲ್ಲೇನು ನಾಟ್ಯ ಮಾಡ್ತಿದ್ದೀಯ?” ಅಂದ್ಳು ಅಕ್ಕ, ತಲೆ ಎತ್ತದೆ. “ಇನ್ವಿಜಿಲೇಟರ್ ಇಲ್ದೆ ಪರೀಕ್ಷೆ ಶುರು ಆಗುತ್ತಾ? ಅಪ್ಪನ ವಾಚ್ ತಗೊಂಡು ಬಾ.”

ಬುಗುರಿ ಹಾರ್ಕೊಂಡು ಹೋಗಿ ವಾಚ್ ತಂದಳು. ಏಳು ಗಂಟೆಗೆ ಸರಿಯಾಗಿ “ಟೈಮ್ ಆಯ್ತು” ಅಂದ್ಳು. ಅಕ್ಕ ತಕ್ಷಣ ಪೆನ್ಸಿಲ್ ಕೆಳಗಿಟ್ಳು. ಖಾಲಿ ಇದ್ದಿದ್ದು ಎಂಟು.

ಇಬ್ಬರೂ ಆ ಎಂಟನ್ನ ನೋಡ್ತಾ ಕೂತ್ರು.

“ಅಕ್ಕ, ಒಂದು ಹೇಳ್ಲಾ? ಬೈಯಲ್ಲ ತಾನೇ?”

“ಬೈತೀನಿ. ಆದ್ರೂ ಹೇಳು.”

“ಕಷ್ಟದ ಪ್ರಶ್ನೆ ಬಂದ್ರೆ ನೀನು ಬಿಡೋದೇ ಇಲ್ಲ. ಮೊದಲು ಜಡೆ ಬಾಯಿಗೆ ಇಟ್ಕೊಳ್ತೀಯ. ಆಮೇಲೆ ಕಾಲು ಅಲ್ಲಾಡಿಸ್ತೀಯ. ಇವತ್ತು ಇಪ್ಪತ್ತೇಳನೇದಕ್ಕೆ ಒಂಬತ್ತು ನಿಮಿಷ ಜಡೆ ತಿಂದೆ. ನಲವತ್ತಕ್ಕೆ ಆರು ನಿಮಿಷ. ಇಷ್ಟಾದ್ರೂ ಎರಡೂ ತಪ್ಪು. ಈ ಕೊನೇ ಎಂಟು ಸುಲಭದ್ದು ಅಲ್ವಾ? ಅದರ ಹತ್ರ ನೀನು ಹೋಗಲೇ ಇಲ್ಲ.”

ಅಕ್ಕ ಅವಳನ್ನೇ ನೋಡಿದ್ಳು. “ಇದನ್ನೆಲ್ಲ ಯಾವಾಗ ನೋಡ್ದೆ?”

“ದಿನಾ ಮೂರು ಗಂಟೆ ಕೂರಿಸಿದ್ರೆ ಇನ್ನೇನು ನೋಡ್ಲಿ? ಹಲ್ಲೀನಾ?”

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?”

“ನೀನು ಬೇಜಾರು ಮಾಡ್ಕೊಳ್ತೀಯ ಅಂತ.”

“ಕತ್ತೆ,” ಅಂದ್ಳು ಅಕ್ಕ. ತನ್ನ ಜಡೆಯ ತುದಿ ಹಿಡಿದು ನೋಡಿದ್ಳು. ಒದ್ದೆ ಇತ್ತು. ಅವಳಿಗೆ ನಗು ಬಂದುಬಿಡ್ತು. ನಗ್ತಾ ನಗ್ತಾನೇ ಕಣ್ಣು ಒರೆಸ್ಕೊಂಡ್ಳು.

ಶನಿವಾರ ಅಕ್ಕ ಕೂದಲೆಲ್ಲ ಎತ್ತಿ ನೆತ್ತಿ ಮೇಲೆ ಗಂಟು ಹಾಕ್ಕೊಂಡು ಕೂತ್ಳು, ಬಾಯಿ ಇಟ್ರೂ ಎಟುಕಬಾರದು ಅಂತ. ಕಷ್ಟದ್ದು ಬಂದ್ರೆ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗೋಳು. ಎರಡು ಸಲ ಕೈ ತನ್ನಷ್ಟಕ್ಕೇ ಕತ್ತಿನ ಹತ್ರ ಹೋಗಿ, ಅಲ್ಲಿ ಏನೂ ಸಿಗದೆ ಪೆಚ್ಚಾಗಿ ವಾಪಸ್ ಬಂತು. ಏಳು ಗಂಟೆಗೆ ಖಾಲಿ ಇದ್ದಿದ್ದು ಮೂರು.

ಭಾನುವಾರ ಅಮ್ಮ ಎಲ್ಲರನ್ನೂ ವ್ಯಾನಲ್ಲಿ ಹಾಕ್ಕೊಂಡು ಪರೀಕ್ಷೆ ಕಟ್ಟಡದ ಹತ್ರ ವ್ಯಾನ್ ನಿಲ್ಲಿಸಿದ್ಳು. ಅಕ್ಕ ಗೇಟಿನೊಳಗೆ ಹೋದ್ಳು. ಆ ಮೂರು ಗಂಟೆ ಬುಗುರಿ ವ್ಯಾನಿನ ಮುಂದಿನ ಸೀಟಿಂದ ಹಿಂದಿನ ಸೀಟಿಗೆ, ಹಿಂದಿನ ಸೀಟಿಂದ ಮುಂದಿನ ಸೀಟಿಗೆ ಓಡಾಡಿ, ನಿಂತಿರೋ ವ್ಯಾನನ್ನೇ ಇನ್ನೊಂದು ಊರಿಗೆ ತಲುಪಿಸೋ ಹಂಗೆ ಮಾಡಿದ್ಳು.

ಅಕ್ಕ ಹೊರಗೆ ಬಂದ್ಳು. “ನಾಲ್ಕು ಬಿಟ್ಟೆ,” ಅಂದ್ಳು. “ಅಷ್ಟು ಸಾಕಾಗುತ್ತಾ ಕಣೇ?”

ಖಂಡಿತ ಸಾಕು ಅಂತ ಹೇಳೋಕೆ ಬುಗುರಿಯ ನಾಲಿಗೆ ತುದಿವರೆಗೆ ಬಂತು.

“ಗೊತ್ತಿಲ್ಲ ಅಕ್ಕ,” ಅಂದ್ಳು.

“ಹೂಂ,” ಅಂದ್ಳು ಅಕ್ಕ. “ನಂಗೂ ಗೊತ್ತಿಲ್ಲ.”

ಆಮೇಲೆ ಮೂರು ವಾರ. ಡಾಕ್ಟ್ರ ಗಡಿಯಾರ ಏಳು ದಿನ ಸರಿಯಾಗಿ ಓಡಿ, ಅಂಗಡಿ ಬಿಟ್ಟು ಹಲ್ಲು ನೋವಿನವರ ಮಧ್ಯೆ ಸೇರ್ಕೊಳ್ತು. ಅಪ್ಪ ಇನ್ನೂ ಎರಡು ಪೆಂಡುಲಮ್ ಗಡಿಯಾರ ರಿಪೇರಿಗೆ ತಗೊಂಡ. ಅಕ್ಕ ದಿನಕ್ಕೆ ನೂರು ಸಲ ಫೋನ್ ನೋಡೋಳು, ನೋಡಿ ತಲೆದಿಂಬಿನ ಕೆಳಗೆ ಹೂತಿಡೋಳು.

ರಿಸಲ್ಟ್ ಬರೋ ದಿನ ಮಧ್ಯಾಹ್ನ ಎಲ್ಲರೂ ಅಂಗಡಿಯಲ್ಲಿದ್ರು. ಅಕ್ಕ ನಂಬರ್ ಹಾಕಿದ್ಳು, ಗುಂಡಿ ಒತ್ತಿದ್ಳು, ಥಟ್ ಅಂತ ಫೋನ್ ತಿರುಗಿಸಿ ಬುಗುರಿ ಕೈಗೆ ತುರುಕಿದ್ಳು.

“ನೀನೇ ಓದು. ನಂಗೆ ಆಗಲ್ಲ.”

“ಕೊಡೇ ಇಲ್ಲಿ, ನಾನು ನೋಡ್ತೀನಿ,” ಅಂತ ಅಮ್ಮ ಕೈ ಚಾಚಿದ್ಳು.

“ಬೇಡ ಅಮ್ಮ. ಬುಗುರಿ ಓದ್ಲಿ.” ಅಕ್ಕ ಹೋಗಿ ಶಟರ್ ಕಡೆ ಮುಖ ಮಾಡಿ ನಿಂತ್ಳು.

ಫೋನಲ್ಲಿ ಒಂದು ಚಕ್ರ ಸುತ್ತಾ ಇತ್ತು. ಸುತ್ತಿತು, ಸುತ್ತಿತು. ನಿಲ್ತು. ಅಕ್ಕನ ಹೆಸರು ಬಂತು, ಅದರ ಕೆಳಗೆ ಒಂದಷ್ಟು ಸಾಲು, ಅದರ ಕೆಳಗೆ ಸಂಖ್ಯೆ. ಬುಗುರಿ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದ್ಳು. ಬೇರೆ ದಿನ ಆಗಿದ್ರೆ ಅಯ್ಯೋ ಅಂತ ಬಾಯಿ ಬಡ್ಕೊಂಡು ಒಂದು ನಿಮಿಷ ಆಟ ಆಡಿಸ್ತಿದ್ಳು.

“ನಾನೂರ ಇಪ್ಪತ್ತಮೂರು,” ಅಂತ ಓದಿದ್ಳು.

“ಬೇಕಿದ್ದಕ್ಕಿಂತ ಮೂರು ಜಾಸ್ತಿನಾ? ಇನ್ನೊಂದು ಸಲ ನೋಡೇ, ಸರಿಯಾಗಿ ನೋಡು!” ಅಂದ್ಳು ಅಮ್ಮ. ಅಪ್ಪ ಹಣೆ ಮೇಲೇ ಇದ್ದ ಭೂತಗನ್ನಡಿಯನ್ನ ಮೇಜೆಲ್ಲ ಹುಡುಕೋಕೆ ಶುರು ಮಾಡಿದ.

ಅಕ್ಕ ಇನ್ನೊಂದು ಸಲ ಓದು ಅನ್ನಲಿಲ್ಲ. ಅಲ್ಲೇ ನೆಲದ ಮೇಲೆ ಕೂತ್ಳು. ಬುಗುರಿ ಹತ್ರ ಹೋಗಿ, ನೀನೇ ನೋಡು ಅಂತ ಫೋನ್ ಮುಂದೆ ಹಿಡಿದ್ಳು. ಅಕ್ಕನ ಕೈ ಫೋನನ್ನ ದಾಟಿ ಬಂದು ಬುಗುರಿಯ ಮಣಿಕಟ್ಟು ಹಿಡ್ಕೊಳ್ತು. ಗಟ್ಟಿಯಾಗಿ ಹಿಡ್ಕೊಳ್ತು.

ಫೋನಿನ ಬೆಳಕು ಸ್ವಲ್ಪ ಹೊತ್ತು ಇದ್ದು, ಆರಿಹೋಯ್ತು. ಅಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬುಗುರಿ ಅದನ್ನ ಮೆಲ್ಲಗೆ ನೆಲದ ಮೇಲಿಟ್ಟು, ಅಕ್ಕನ ಪಕ್ಕ ಕೂತ್ಳು.